ಏಳು ತಿಂಗಳ ಉಪವಾಸ

ಅಕ್ಕ ಬಿಳಿ ಬಟ್ಟೆಯ ಗಂಟು ಬಿಚ್ಚಿದಳು. ನೋಡಿದಳು. ಹಾಗೇ ಮಂಚದ ಮೇಲೆ ಕೂತುಬಿಟ್ಟಳು.

"ಇದು ನಿಂದಲ್ಲ ಕಣೋ. ಅಮ್ಮಂದು."

ಕಳೆದ ಭಾನುವಾರದ ಮಾತು. ಉಪ್ಪಾರಹಳ್ಳಿಯ ನಮ್ಮ ಮನೆಯ ದೇವರ ಗೂಡು ಒರೆಸಿಕೊಡೋಕೆ ಅಂತ ಅಕ್ಕ ಕುಣಿಗಲ್‌ನಿಂದ ಬಂದಿದ್ದಳು. (ನಾನು ಒರೆಸೋದಿಲ್ಲ ಅನ್ನೋದು ಅವಳಿಗೆ ಗ್ಯಾರಂಟಿ.) ಆ ಗೂಡಿನಲ್ಲಿದ್ದ ಗಂಟು ನನ್ನ ಇಷ್ಟಲಿಂಗದ್ದು ಅಂತಲೇ ನಾನು ತಿಳಿದಿದ್ದೆ. ಅಂಚು ಸವೆದಿರೋದು ನೋಡು, ಚಿಕ್ಕಂದಿನಿಂದ ಅಮ್ಮನ ಬೆರಳು ಸವೆಸಿದ್ದು ಅಂದಳು ಅಕ್ಕ.

ಅಮ್ಮ ಹೋಗಿ ಏಳು ತಿಂಗಳಾಯ್ತು. ನಮ್ಮಲ್ಲಿ ಮಣ್ಣು ಮಾಡುವಾಗ ಅವರವರ ಲಿಂಗವನ್ನು ಅವರವರ ಎಡ ಅಂಗೈಯಲ್ಲಿಟ್ಟು, ಕೂರಿಸಿ ಕಳಿಸುತ್ತಾರೆ. ಐಸಿಯುಗೆ ಹೋಗುವಾಗ ಅಮ್ಮನ ಕೊರಳಿಂದ ತೆಗೆದುಕೊಟ್ಟ ಲಿಂಗವನ್ನು ನಾನೇ ತಂದು ಗೂಡಿನಲ್ಲಿ ನನ್ನದರ ಪಕ್ಕ ಇಟ್ಟಿದ್ದೆ. ಎರಡಕ್ಕೂ ಬಿಳಿ ಬಟ್ಟೆ. ಅಮ್ಮ ಹೋದ ದಿನ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡೆ. ಹಾಗಲವಾಡಿಯ ತೋಟದಲ್ಲಿ ಅಯ್ಯನೋರು ಕೈ ಚಾಚಿದಾಗ ಅದನ್ನೇ ಕೊಟ್ಟೆ. ಗುರುತು ಹಿಡಿಯಬಲ್ಲವಳು ಅಕ್ಕ ಒಬ್ಬಳೇ. ಅವಳು ಬರುವಷ್ಟರಲ್ಲಿ ಅಮ್ಮನ ಅಂಗೈ ವಸ್ತ್ರದೊಳಗಿತ್ತು.

ಸ್ವಂತ ಲಿಂಗದ ಗುರುತು ಗೊತ್ತಿಲ್ಲದವನು ಇವನೆಂಥವನು ಅಂತೀರಾ? ಸರಿಯಾಗೇ ಕೇಳಿದಿರಿ. ಪಿಯುಸಿ ಹಾಸ್ಟೆಲಿನಲ್ಲಿ ಶರ್ಟಿನೊಳಗೆ ಒತ್ತುತ್ತೆ ಅಂತ ನೆಪ ಹೇಳಿ ಬಿಚ್ಚಿದವನು ಮತ್ತೆ ಕಟ್ಟಿಕೊಳ್ಳಲೇ ಇಲ್ಲ.

ಅಮ್ಮ ಬೈಯಲಿಲ್ಲ. ದಿನಾ ತನ್ನ ಪೂಜೆ ಮುಗಿಸಿ, ನನ್ನದನ್ನೂ ಅಂಗೈಗೆ ತಗೊಂಡು ವಿಭೂತಿ ಹಚ್ಚಿ, ಪತ್ರೆ ಏರಿಸುತ್ತಿದ್ದಳು. ಎರಡೂ ಆದ ಮೇಲೇ ಅವಳ ಬಾಯಿಗೆ ನೀರು. ಶಿವನ ಹತ್ತಿರ ನನ್ನ ಪರವಾಗಿ ರಜಾ ಬೇರೆ ಕೇಳುತ್ತಿದ್ದಳು: "ಹುಡ್ಗಂಗೆ ಪುರುಸೊತ್ತಿಲ್ಲ ಕಣಪ್ಪಾ, ನನ್ ಕೈಯಲ್ಲೇ ತಗೋ."

ಹುಡುಗನಿಗೆ ಆಗಲೇ ಐವತ್ತು. ಬಿ.ಪಿ. ಮಾತ್ರೆ ಶುರುವಾಗಿತ್ತು.

ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದೆ. ಈಗ ಬೆಳಗ್ಗೆ ಎದ್ದರೆ ಆ ದನಿಗೆ ಕಿವಿ ಕಾಯುತ್ತೆ. ಒಂದೇ ಒಂದು ಸಲ ಕೇಳಿಸಿದ್ದರೆ ಅನಿಸುತ್ತೆ. ಎಲ್ಲಿಂದ ಕೇಳಿಸಬೇಕು?

ಸಿ.ಎಸ್. ಪುರದ ಅಯ್ಯನೋರಿಗೆ, ಅಮ್ಮನನ್ನು ಕಳಿಸಿಕೊಟ್ಟವರಿಗೆ, ಫೋನ್ ಮಾಡಿ ಆದದ್ದು ಹೇಳಿದೆ. ಮಣ್ಣು ಕೆದಕೋ ಮಾತು ಮಾತ್ರ ಎತ್ತಬೇಡಿ ಅಂದರು. ಆಮೇಲೆ ಎರಡು ದಾರಿ ಹೇಳಿದರು.

"ದಿನಾ ಪೂಜೆ ಮಾಡಂಗಿದ್ರೆ ಇಟ್ಕಳಿ. ಆಗಲ್ಲ ಅಂದ್ರೆ ಹರಿಯೋ ನೀರಿಗೆ ಬುಡಿ."

ಎರಡನೇದೇ ಸುಲಭ ಅನಿಸಿತು. ದಿನಾ ಪೂಜೆ ನನ್ನಂಥವನಿಗೆ ಆಗೋ ಹೋಗೋ ಮಾತಾ? ಕಾರ್ ಕೀ ಕೈಗೆತ್ತಿಕೊಂಡೆ. ಅಕ್ಕನ ಕಣ್ಣು ಇನ್ನೂ ಒದ್ದೆ. ಅಮ್ಮ ತನ್ನ ಲಿಂಗವಿಲ್ಲದೆ ಹೋದಳಲ್ಲ ಅಂತ ಅಳ್ತಿದಾಳೆ ಅಂದುಕೊಂಡು ತಪ್ಪಾಯ್ತು ಕಣಕ್ಕಾ ಅಂದೆ. ಅದಕ್ಕಲ್ಲ ಅಂದಳು. ಮೂವತ್ತೈದು ವರ್ಷ ಅಮ್ಮ ದಿನಾ ಕೈಯಲ್ಲಿ ಹಿಡಿದಿದ್ದಳು, ನಿಂದು ಅವಳಿಗೆ ಹೊಸದಾ ಅಂದಳು.

"ಆದ್ರೆ ಇದು ಏಳು ತಿಂಗಳಿಂದ ಉಪವಾಸ ಐತಲ್ಲೋ."

ನಾನು ಮೂರು ಹೊತ್ತೂ ಉಂಡಿದ್ದೆ. ಅದೇ ಗೂಡಿನ ಮುಂದೆ ಓಡಾಡಿಕೊಂಡು, ಕಾಫಿ ಕುಡಿದುಕೊಂಡು. ಅಮ್ಮ ನನ್ನದನ್ನು ಒಂದು ದಿನ ಹಾಗೆ ಬಿಟ್ಟವಳಲ್ಲ. ನಾಚಿಕೆಯಾಯ್ತು. ಕೀ ವಾಪಸ್ ಮೊಳೆಗೆ ಸಿಕ್ಕಿಸಿದೆ.

ಸೋಮವಾರ ಸ್ನಾನ ಮಾಡಿ ಕೂತೆ. ಮಂತ್ರ ಅರ್ಧಕ್ಕೆ ನಿಂತಿತು. ವಿಭೂತಿ ಪಂಚೆ ಮೇಲೆಲ್ಲ ಚೆಲ್ಲಿತು. ಹೆಂಡತಿ ಕಾಫಿ ಆರಿಹೋಯ್ತು ಅಂತ ಕರೆದಳು, ಇನ್ನೊಂದು ಸಲ ಕಾಯಿಸು ಅಂದೆ. ಇವತ್ತಿಗೆ ಐದು ದಿನ. ಭಕ್ತಿ ಬಂತಾ ಅಂತ ನೀವು ಕೇಳಿದರೆ, ಗೊತ್ತಿಲ್ಲ. ಸವೆದ ಆ ಅಂಚಿನ ಮೇಲೆ ಬೆರಳಿಟ್ಟಾಗ ಅಮ್ಮ ಬೇಕು ಅನಿಸುತ್ತೆ, ಅಷ್ಟು ಮಾತ್ರ ನಿಜ.

ಅಮ್ಮ ಅಲ್ಲಿ ನನ್ನದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಾಳೆ. ಅವಳದನ್ನು ನೀರಿಗೆ ಬಿಡೋ ಮನಸ್ಸು ನನಗೆ ಹೇಗೆ ಬರುತ್ತೆ, ಹೇಳಿ?