ಕೈ ಎತ್ತಿ ಮಲಗಿದ ಸಿಪಾಯಿ

ನನ್ನ ಭಾವ ದಿಯಾಬ್ ಮಣ್ಣಿನ ಕೆಲಸದಲ್ಲಿ ನಿಸ್ಸೀಮ. ಯೂಫ್ರೆಟಿಸ್ ದಂಡೆಯ ಹಾಳುಕೋಟೆಯಲ್ಲಿ ಫ್ರೆಂಚರ ಅಗೆತಕ್ಕೆ ಹೋಗುತ್ತಿದ್ದ ಇನ್ನೂರು ಆಳುಗಳಲ್ಲಿ, ಗುದ್ದಲಿ ತಾಗಿದ ಸದ್ದಿಗೇ ಕಲ್ಲೋ ಮಡಕೆಯೋ ಎಲುಬೋ ಎಂದು ಹೇಳುತ್ತಿದ್ದವನು ಅವನೊಬ್ಬನೇ. ಮಾತು ಕಡಿಮೆ. ಮಹಾಯುದ್ಧದಲ್ಲಿ ತುರ್ಕರು ದಂಡಿಗೆ ಎಳೆದುಕೊಂಡು ಹೋದ ನಮ್ಮ ಕೇರಿಯ ಹನ್ನೊಂದು ಜನರಲ್ಲಿ ಮರಳಿ ಬಂದವನೂ ಅವನೊಬ್ಬನೇ. ಆ ದಿನಗಳ ಬಗ್ಗೆ ನನ್ನ ಅಕ್ಕ ವದ್ಹಾಳ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆ ಚಳಿಗಾಲ ಕೋಟೆಗೋಡೆಯ ಬುಡದಲ್ಲಿ ಸುರಂಗವೊಂದು ಸಿಕ್ಕಿತು. ರೋಮನರ ಗೋಡೆ ಕೆಡವಲು ಪರ್ಷಿಯನ್ನರು ಕೊರೆದದ್ದಂತೆ. ಭಾವ ಮುಂದೆ, ಬುಟ್ಟಿ ಹಿಡಿದು ನಾನು ಹಿಂದೆ. ಸ್ವಲ್ಪ ದೂರ ಹೋದಮೇಲೆ ಅವನು ಗುದ್ದಲಿ ಇಟ್ಟು ಬರಿಗೈಯಲ್ಲಿ ಮಣ್ಣು ಸರಿಸತೊಡಗಿದ.

ಲಾಂದ್ರದ ಬೆಳಕಿಗೆ ಎರಡು ತೋಳಿನ ಎಲುಬುಗಳು ಕಂಡವು. ತಲೆಯ ಮೇಲಕ್ಕೆ ಚಾಚಿದ್ದವು. ಸಣ್ಣ ಸಣ್ಣ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿತ್ತು. ಒಳಗೆ ತೊಟ್ಟಿದ್ದ ಬಟ್ಟೆಯ ನೇಯ್ಗೆ ಆ ತುಕ್ಕಿನಲ್ಲೇ ಅಚ್ಚೊತ್ತಿತ್ತು. ಅಂಗಿ ಇರಬೇಕಾದಲ್ಲಿ ಇರಲಿಲ್ಲ. ಕಂಕುಳಿನವರೆಗೆ ಮೇಲೆ ಸರಿದು ಮುಖವನ್ನು ಮುಚ್ಚಿಬಿಟ್ಟಿತ್ತು.

ಭಾವ ಅದರ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ತೆಗೆಯಲೇ ಇಲ್ಲ.

"ಲೇ ಫರ್ಹಾನ್, ಮುಟ್ಟಿ ನೋಡು."

ಮುಟ್ಟಿದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಬಿಸಿಲು ಕಾಣದ ಆ ಬಿಲದಲ್ಲಿ ಕಬ್ಬಿಣ ಬೆಚ್ಚಗಿತ್ತು, ಈಗ ತಾನೇ ಯಾರೋ ಮೈಯಿಂದ ಬಿಚ್ಚಿಟ್ಟ ಹಾಗೆ. ನಾನು ಬುಟ್ಟಿ ಬಿಟ್ಟು ಹೊರಗೆ ಓಡಿದೆ.

ಅಗೆತದ ಮುಖ್ಯಸ್ಥ, ನಾವು ಮುದೀರ್ ಎನ್ನುತ್ತಿದ್ದ ಫ್ರೆಂಚ್ ದೊರೆ, ತೆವಳಿಕೊಂಡು ಒಳಗೆ ಹೋಗಿ ನೋಡಿ ಬಂದ. ಲಾಂದ್ರದ ಕಾವು ತಾಗಿರಬೇಕು ಎಂದು ನಕ್ಕ. "ಸುರಂಗಕ್ಕೆ ಬೆಂಕಿ ಬಿದ್ದಾಗ ಉಸಿರು ಕಟ್ಟಿ ತಾನೇ ಅಂಗಿ ಬಿಚ್ಚೋಕೆ ಹೋಗಿದಾನೆ ಪಾಪ" ಎಂದ.

"ತಾನೇ ಅಲ್ಲ ದೊರೆ," ಎಂದ ಭಾವ. "ಯಾರೋ ಎಳೆದಿದಾರೆ. ಇವನು ಕೈ ಎತ್ತಿ ಕೊಟ್ಟಿದಾನೆ."

"ನೀನು ಹೇಗೆ ಬಲ್ಲೆ?"

ಭಾವ ಗುದ್ದಲಿಯನ್ನು ಹೆಗಲಿಗೇರಿಸಿದ. ಸುರಂಗದ ಚಾವಣಿಗೆ ಊರುಗೋಲು ಕೊಡಬೇಕೆಂದು ಒಂದು ವಾರ ಕೆಲಸ ನಿಂತಿತು. ಮನೆಗೆ ನಡೆಯುವಾಗ ದಾರಿಯಲ್ಲಿ ಅವನಾಗಿಯೇ ಶುರುಮಾಡಿದ.

"ರಷ್ಯನ್ನರ ಮೇಲೆ ಹೋದಾಗ ಎರ್ಜುರುಮ್ ಬೆಟ್ಟದ ಹಿಮದಲ್ಲಿ ಮುಂಬಿಜ್ ಊರಿನ ನಾಸಿಫ್ ಅಂತ ನನ್ನ ಜೊತೆಗಿದ್ದ. ಒಂದೇ ರೊಟ್ಟಿ ಮುರಿದು ತಿಂತಿದ್ವಿ. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ನನ್ನ ಮೈಮೇಲೆ ಬರೀ ಚಿಂದಿ. ಅವನ ಕೋಟಿನ ಗುಂಡಿ ಹೆಪ್ಪುಗಟ್ಟಿತ್ತು, ತಲೆ ಮೇಲಿಂದ ಎಳೆದೆ." ತನ್ನ ಎರಡೂ ಕೈ ತಲೆಯ ಮೇಲಕ್ಕೆತ್ತಿ ತೋರಿಸಿದ. "ಎಳೀವಾಗ ಅವನ ಕೈ ಎರಡೂ ಮೇಲೆ ಬಂದವು. ಕೋಟಿನ ಜೊತೆ ಬಂತು ಅಂದ್ಕೊಂಡೆ. ಕೋಟು ಬೆಚ್ಚಗಿತ್ತು ಫರ್ಹಾನ್."



ನಾಸಿಫನ ಮನೆಯವರನ್ನು ಕಂಡು ಹೇಳಿಬರಬೇಕೆಂದು ಭಾವ ಮರುದಿನವೇ ಮುಂಬಿಜಿಗೆ ಹೊರಟ. "ಹದಿನೇಳು ವರ್ಷ ಆದಮೇಲೆ ಯಾವ ಹೆಣ ಹುಡುಕೋಕೆ?" ಎಂದು ಅಕ್ಕ ಬೈದಳು. ಒಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ.

ನಾಸಿಫನ ಮನೆ ಸುಲಭವಾಗಿ ಸಿಕ್ಕಿತು. ಅವನ ಹೆಂಡತಿ ಶಮ್ಸಾ ಬಾಗಿಲಲ್ಲಿ ಬೇಳೆ ಆರಿಸುತ್ತಿದ್ದಳು. ಭಾವ ಹೆಸರು ಹೇಳಿದ, ಹಿಮದ ಮಾತು ಹೇಳಿದ, ಕೋಟಿನ ಮಾತಿಗೆ ಬಂದು ತೊದಲಿದ.

"ಓ, ನೀನೇ ಏನಪ್ಪಾ," ಎಂದಳು ಆಕೆ, ಪರಿಚಯದವರನ್ನು ಕಂಡಂತೆ. "ಬಾ, ಒಳಗೆ ಬಾ. ಅವರು ಹೇಳ್ತಾನೇ ಇದ್ರು, ಬರ್ತಾನೆ ಅಂತ."

ನಾಸಿಫ್ ಆ ಹಿಮದಲ್ಲಿ ಸತ್ತಿರಲಿಲ್ಲ. ರಷ್ಯನ್ನರು ಹಿಮದಿಂದ ಎತ್ತಿ ಸೆರೆ ಒಯ್ದಿದ್ದರು. ಏಳು ಬೆರಳು ಕಳೆದುಕೊಂಡು ಊರಿಗೆ ಬಂದವನು ಹೋದ ಚಳಿಗಾಲದವರೆಗೂ ಬದುಕಿದ್ದ.

"ಚಳಿ ಬಂತು ಅಂದ್ರೆ ಕೂತಲ್ಲೇ ಎರಡೂ ಕೈ ಮೇಲೆತ್ತೋರು," ಎಂದಳು ಶಮ್ಸಾ. "'ಮೆಲ್ಲಗೆ ಎಳಿ ತಮ್ಮಾ, ಮೆಲ್ಲಗೆ' ಅನ್ನೋರು. ಸಾಯೋ ದಿನಾನೂ ಹಂಗೇ. ಆ ಕೈ ಇಳಿಸೋಕೆ ಮೂರು ಜನ ಬೇಕಾದ್ರು." ಆಮೇಲೆ ಭಾವನ ಮುಖವನ್ನೇ ನೋಡುತ್ತ ಕೇಳಿದಳು, "ನೀನು ಅಳ್ತಾ ಎಳೆದೆಯಂತೆ. ಹೌದಾ?"

"ನೆನಪಿಲ್ಲ ಅಕ್ಕಾ," ಎಂದ ಭಾವ.

ಆಕೆ ಬಡಿಸಿದ ಬೇಳೆಗಂಜಿಯನ್ನು ಅವನು ಪೂರ್ತಿ ಉಂಡ. ಹೊರಗೆ ಬಂದಮೇಲೆ ಗೋಡೆ ಹಿಡಿದು ಎಲ್ಲವನ್ನೂ ವಾಂತಿ ಮಾಡಿದ. "ಹೋದ ವರ್ಷ ಬಂದಿದ್ರೆ..." ಎಂದ.

ಕೆಲಸ ಮತ್ತೆ ಶುರುವಾದಾಗ ಮುದೀರ್ ಅವಸರದಲ್ಲಿದ್ದ. ಅಂಗಿಯನ್ನು ಎಲುಬಿನಿಂದ ಬಿಡಿಸಿ ಪೆಟ್ಟಿಗೆಗೆ ಹಾಕಿರಿ ಎಂದ. ಭಾವ ಸುರಂಗದ ಬಾಯಿಗೆ ಅಡ್ಡ ಕೂತ.

"ಇನ್ನೊಮ್ಮೆ ಎಳೆಯೋಕೆ ನಾನು ಬಿಡಲ್ಲ ದೊರೆ. ಬೇಕಾದ್ರೆ ಕೆಲಸದಿಂದ ತೆಗೀರಿ."

ಮುದೀರ್ ರೇಗಿದ, ಆಮೇಲೆ ಒಪ್ಪಿದ. ಭಾವ ಐದು ದಿನ ಮಂಡಿಯೂರಿ ಸಿಪಾಯಿಯ ಅಡಿಯ ಮಣ್ಣು ಕೊರೆದ. ಕೆಳಗೆ ಹಲಗೆ ತೂರಿಸಿದ. ಎಲುಬು, ಕಬ್ಬಿಣ, ಮಣ್ಣು ಎಲ್ಲ ಸೇರಿಸಿ ಆರು ಜನ ಒಂದೇ ಹೊರೆಯಾಗಿ ಹೊರಗೆ ಹೊತ್ತು ತಂದೆವು. ತಲೆಯ ಕಡೆ ಭಾವನಿದ್ದ. ಮಧ್ಯಾಹ್ನದ ಬಿಸಿಲಿಗೆ ಬರುವವರೆಗೂ ಅವನು ತುಟಿಯಲ್ಲೇ ಏನೋ ಹೇಳುತ್ತಿದ್ದ. ಪ್ರಾರ್ಥನೆ ಎಂದುಕೊಂಡು ಕಿವಿಗೊಟ್ಟೆ. "ಮೆಲ್ಲಗೆ ತಮ್ಮಾ, ಮೆಲ್ಲಗೆ" ಎನ್ನುತ್ತಿದ್ದ. ಆದರೆ ಆ ದನಿ ನನ್ನ ಭಾವನದಾಗಿರಲಿಲ್ಲ.