ವಾರ್ಡಿನ ಕುರ್ಚಿ ಮತ್ತು ನಮ್ಮತ್ತೆ

"ನಮ್ ಹೊಲ ಹೋಯ್ತು, ನಿಮ್ ಮನೆ ಬಂತು. ಈಗ ಓಟೂ ಬೇಕಾ?"

ಕೇಳಿದವರು ಪಕ್ಕದ ಹಳ್ಳಿಯ ಮುನಿಯಮ್ಮ. ಕೇಳಿಸಿಕೊಂಡವರು ನಮ್ಮತ್ತೆ ರುಕ್ಮಿಣಮ್ಮ. ಪಕ್ಕದಲ್ಲಿ ಬೆಪ್ಪಾಗಿ ನಿಂತಿದ್ದವಳು, ಆಗಷ್ಟೇ ಮದುವೆಯಾಗಿ ಬಂದಿದ್ದ ನಾನು.

ಮೊನ್ನೆ ವಾಕಿಂಗ್‌ನಲ್ಲಿ ಒಬ್ಬರು, "ಪಾರ್ಟಿಗಳಿಗೆ ಜನರ ಕನೆಕ್ಷನ್ನೇ ತಪ್ಪಿಹೋಗಿದೆ ಮೇಡಂ" ಅಂದಾಗ ಇದೆಲ್ಲ ನೆನಪಾಯ್ತು. ಈಗ ತಪ್ಪಿದ್ದಾ ಅದು?

ಅರವತ್ತರ ದಶಕದ ಶುರು. ಜಯನಗರದಲ್ಲಿ ನಮ್ಮ ಬೀದಿ ಮುಗಿದ ಕಡೆ ಹಳೇ ಹಳ್ಳಿ ಶುರುವಾಗ್ತಿತ್ತು. ಅವರ ಹೊಲಗಳ ಮೇಲೇ ನಮ್ಮ ಬಡಾವಣೆ ಎದ್ದಿತ್ತು. (ಸಂಜೆ ನರಿ ಕೂಗ್ತಿತ್ತು ಅಂದರೆ ನನ್ನ ಮೊಮ್ಮಗಳು ನಂಬೋದೇ ಇಲ್ಲ!) ನಮ್ಮತ್ತೆಗೆ ಪಾರ್ಟಿ ಅಂದರೆ ಪ್ರಾಣ. (ಯಾವ ಪಾರ್ಟಿ ಅಂತ ಕೇಳಬೇಡಿ.) ಆ ಸಲದ ಚುನಾವಣೆಯಲ್ಲಿ ಹಳ್ಳಿಯವರು ಪಾರ್ಟಿಗೆ ಬೆನ್ನು ತಿರುಗಿಸಿದ್ದರು. "ಅಲ್ಲೊಂದು ವಾರ್ಡ್ ಕಮಿಟಿ ಕಟ್ಟಿ ರುಕ್ಮಿಣಮ್ಮ, ಅಧ್ಯಕ್ಷೆ ನೀವೇ" ಅಂತ ಸಿಟಿಯ ಲೀಡರು ಹೇಳಿ ಕಳಿಸಿದ್ದರು.

ಹೋದರೆ ಈ ಪ್ರಶ್ನೆ!

ನಮ್ಮತ್ತೆ ವಾಪಸ್ ಬಂದರು. ಮರುದಿನ ಪಾರ್ಟಿ ಬಾವುಟ ಮನೇಲೇ ಬಿಟ್ಟು, ಬರಿಗೈಲಿ ಹೋಗಿ ಮುನಿಯಮ್ಮನ ಜಗಲಿ ಮೇಲೆ ಕೂತರು.

"ಓಟು ಬೇಡಮ್ಮ. ಏನು ಕಷ್ಟ ಹೇಳಿ."

"ನೀರು" ಅಂದರು ಮುನಿಯಮ್ಮ. ನಮ್ಮ ಬೀದಿಗೆ ನಲ್ಲಿ ಇತ್ತು. ಅವರ ಬಾವಿ ತಳ ಕಂಡಿತ್ತು.

ಆಮೇಲೆ ಹಳ್ಳಿ ಹೆಂಗಸರು, ನಮ್ಮತ್ತೆ, ಬಾಲದ ಹಾಗೆ ನಾನು, ಎಲ್ಲ ಸೇರಿ ನೀರಿನ ಇಂಜಿನಿಯರ ಹತ್ತಿರ ಎಷ್ಟು ಸಲ ಅಲೆದೆವೋ! ಮಾತಾಡ್ತಿದ್ದದ್ದು ಮಾತ್ರ ಮುನಿಯಮ್ಮ. ಕೊನೆಗೂ ಹಳ್ಳಿಗೆ ನಲ್ಲಿ ಬಂತು. ಅವತ್ತು ಮುನಿಯಮ್ಮ ಮಜ್ಜಿಗೆ ಕೊಟ್ಟರು. ಪರರ ಮನೇಲಿ ನೀರೂ ಮುಟ್ಟದ ನಮ್ಮತ್ತೆ ಗಟಗಟ ಕುಡಿದರು. ನಾನು ಕಣ್ಣು ಕಣ್ಣು ಬಿಟ್ಟೆ.

ಕಮಿಟಿ ಸಭೆಗೆ ಲೀಡರು ಬಂದರು. ಹಳ್ಳಿಗೆ ಹಳ್ಳಿಯೇ ಸೇರಿತ್ತು. ಅವರು ಅಧ್ಯಕ್ಷೆಯ ಹೆಸರು ಹೇಳೋ ಮೊದಲೇ ನಮ್ಮತ್ತೆ ಎದ್ದು ನಿಂತರು. "ಮುನಿಯಮ್ಮ ಆಗಲಿ."

ಲೀಡರು ಮೆಲ್ಲಗೆ, "ಅವರಿಗೆ ಭಾಷಣ ಮಾಡೋಕೆ ಬರುತ್ತಾ?" ಅಂದರು.

"ಭಾಷಣ ಕೇಳೀ ಕೇಳೀನೇ ಇವರೆಲ್ಲ ದೂರ ಹೋಗಿದ್ದು ಸಾರ್."

ಮುನಿಯಮ್ಮ ಸೆರಗು ಸರಿ ಮಾಡಿಕೊಂಡು ಕುರ್ಚಿ ಮೇಲೆ ಕೂತರು. ಕೂತವರೇ ಲೀಡರಿಗೆ, "ಬೇಗ ಮುಗ್ಸಿ ಸ್ವಾಮಿ, ಮುದ್ದೆಗೆ ಎಸರಿಡಬೇಕು" ಅಂದರು. ಸಭೆಯೆಲ್ಲ ಘೊಳ್ ಅಂತು. ಲೀಡರೂ ನಕ್ಕು, ಎರಡು ಮಾತಾಡಿ ಕೂತರು. ಆಮೇಲೆ ಹಳ್ಳಿಯವರು ಮಾತಾಡಿದರು. ಚರಂಡಿ, ದೀಪ, ಸ್ಕೂಲು... ಲೀಡರು ಕೇಳಿಸಿಕೊಂಡರು. ಮುಂದಿನ ಸಭೆಗೆ ಕರೆಯದೇ ಜನ ಬಂದರು.

ಆ ಮೊದಲ ಸಭೆಯ ದಿನ ಮನೆಗೆ ಬಂದು ಹುರುಳಿಕಾಯಿ ಬಿಡಿಸ್ತಾ ಕೇಳಿದ್ದೆ: "ಅತ್ತೆ, ಆ ಕುರ್ಚಿ ನಿಮಗೆ ಬೇಡವಾಗಿತ್ತಾ?"

ಅವರ ಕೈ ನಿಂತಿತು. "ಬೇಕಿತ್ತು ಕಣೇ. ತುಂಬಾ ಬೇಕಿತ್ತು."

ಬೇಕಿದ್ದೂ ಬಿಟ್ಟುಕೊಡೋ ಲೀಡರು ನಿಮ್ಮ ವಾರ್ಡಲ್ಲಿ ಯಾರಾದರೂ ಇದ್ದಾರಾ?