ಗೋಡೆಗೋ, ಹುಳಕ್ಕೋ

ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರ ತೋರುಬೆರಳಿನ ಉಗುರಿನ ಸುತ್ತ ಯಾವಾಗಲೂ ಕಪ್ಪು ಇಂಕು ಕೂತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದು. ಸಂಜೆ ಶಿಡ್ಲಘಟ್ಟದ ಬಸ್ಸಿಳಿದು ಮೇಲೂರಿನ ನಮ್ಮ ಜಗಲಿ ಮೇಲೆ ಕುಸಿದು ಕೂತರೆ, ಆ ಕೈಯೂ ದಣಿದು ತೊಡೆಯ ಮೇಲೆ ಮಲಗಿದ ಹಾಗೆ ಕಾಣುತ್ತಿತ್ತು. ಹಗಲೆಲ್ಲ ಸ್ಕೂಲು, ಆಮೇಲೆ ಚಿಕ್ಕಬಳ್ಳಾಪುರದ ಒಂದು ವಾರಪತ್ರಿಕೆಗೆ ಚಿತ್ರಕಥೆ. ಮೂರು ಚೌಕ, ಒಬ್ಬ ಮುದುಕ, ಅವನ ಮೇಕೆ. ಮುದುಕ ಏನು ಕೈಗೆತ್ತಿಕೊಂಡರೂ ಮೇಕೆ ಅದನ್ನು ತಿಂದುಬಿಡುವುದು. ಮಾತೇ ಇಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ಪೇಪರಿನಲ್ಲಿ ಸಲೀಸಾಗಿ ತಿಳಿಯುತ್ತಿದ್ದುದು ಅದೊಂದೇ.

ಓದಿಯಾದ ಪೇಪರುಗಳನ್ನು ರೇಷ್ಮೆಹುಳದ ತಟ್ಟೆಗೆ ಹಾಸಲು ನಮಗೇ ಕೊಡುತ್ತಿದ್ದರು.

ಒಂದು ಸಂಜೆ ಬಂದವರು ಕಾಫಿ ಲೋಟ ಮುಟ್ಟಲಿಲ್ಲ.

“ಸೋತೆ ಕಣಮ್ಮ. ಇನ್ಮೇಲೆ ಚಿತ್ರ ಬೇಡ ಅಂದ್ಬಿಟ್ರು ಪೇಪರಿನವ್ರು. ಒಬ್ರಾದ್ರೂ ಚೆನ್ನಾಗೈತೆ ಅಂತ ಕಾಗದ ಬರೀಲಿಲ್ವಂತೆ. ಇನ್ನು ನಾನು ಬ್ರಷ್ ಮುಟ್ಟಲ್ಲ.”

ಒಳಗಿಂದ ನಮ್ಮ ಅತ್ತೆ ಅಂದರು: “ಯಾರು ಬರೀದಿದ್ರೇನಪ್ಪ? ಇವಳು ನಿನ್ ಪೇಪರಿಗೆಲ್ಲ ಮೇಕೆ ಇದ್ದ ಜಾಗದಲ್ಲಿ ಕಿಟಕಿ ಕೊಯ್ದು ಹಾಸ್ತಾಳೆ. ಹುಳದ ಹಿಕ್ಕೆಯೆಲ್ಲ ಕೆಳಕ್ಕೆ ಉದುರ್ತದೆ. ಹೋಗಿ ನೋಡು.”

ರೋಗ ತಗಲೀತೆಂದು ಹೊರಗಿನವರನ್ನು ಹುಳದ ಮನೆಗೆ ಬಿಡುವ ರೂಢಿ ನಮ್ಮಲ್ಲಿಲ್ಲ. ಅವತ್ತು ಕೈಕಾಲು ತೊಳೆಸಿ ಕರೆದುಕೊಂಡು ಹೋದೆ. ಗೋಡೆ ತುಂಬ ಗಂಜಿಯಲ್ಲಿ ಅಂಟಿಸಿದ ಮೇಕೆಗಳು. ಸೊಪ್ಪು ಹಾಕಿ ಹಾಕಿ ಸೊಂಟ ಬಿದ್ದುಹೋದಾಗ ನಾನು ನಿಲ್ಲುತ್ತಿದ್ದುದು ಅವುಗಳ ಮುಂದೆ.

ಮೇಷ್ಟ್ರು ಬಹಳ ಹೊತ್ತು ನೋಡಿದರು. “ಮೇಕೆ ಬಸ್ ಟಿಕೆಟ್ ತಿಂದಿದ್ದು ಎಲ್ಲೈತಮ್ಮ?”

“ಅದು ಚೆನ್ನಾಗಿರ್ಲಿಲ್ಲ ಮೇಷ್ಟ್ರೆ. ಹುಳಕ್ಕೆ ಹಾಸ್ಬಿಟ್ಟೆ.”

ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು, ಕಣ್ಣು ಒರೆಸಿಕೊಂಡರು. “ಹಂಗಾದ್ರೆ ಸೋತಿದ್ದು ಅದು, ನಾನಲ್ಲ ಅನ್ನು.”

ಆಮೇಲೆ ಅವರ ಮೇಕೆ ಯಾವ ಪೇಪರಿನಲ್ಲೂ ಬರಲಿಲ್ಲ. ಆದರೂ ಬರೆದು ತಂದು ಜಗಲಿ ಮೇಲಿಟ್ಟು ಕೇಳುವರು: “ಗೋಡೆಗೋ, ಹುಳಕ್ಕೋ?” ನಾನು ಮುಲಾಜಿಲ್ಲದೆ ಹೇಳುತ್ತಿದ್ದೆ. ಹುಳಕ್ಕೆ ಎಂದ ದಿನವೂ ಕಾಫಿ ಕುಡಿದು, “ಸರಿ, ನಾಳೆ ನೋಡಣ” ಎಂದು ಎದ್ದು ಹೋಗುವರು.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ಚಿತ್ರದಲ್ಲಿ ಕೈ ನಡುಗಿ ಮೇಕೆಗೆ ಮೂರೇ ಕಾಲು ಬಿದ್ದಿದ್ದವು. ಅದು ಗೋಡೆಗೇ ಹೋಯಿತು.

ಈಗ ನನಗೂ ಮಂಡಿ ಬಗ್ಗದು, ಹುಳದ ಕೆಲಸವೆಲ್ಲ ಸೊಸೆಯದು. ಮೇಷ್ಟ್ರ ಪ್ರಶ್ನೆ ಕೇಳುತ್ತಲೇ ಬೆಳೆದ ನನ್ನ ಮೊಮ್ಮಗಳು ನಿನ್ನೆ ಮೂರು ಚೌಕ ಬರೆದು ತಂದಳು. ಮೇಕೆ ನನ್ನ ಕನ್ನಡಕ ತಿನ್ನುತ್ತಿದೆ. ಅವಳು ಕೇಳುವ ಮೊದಲೇ ಗಂಜಿ ಕಲಸಲು ಎದ್ದೆ.

ಅವಳು ಚಿತ್ರ ಹಿಂದಕ್ಕೆ ಕಿತ್ತುಕೊಂಡಳು. “ಬೇಡ ಕಣಜ್ಜಿ, ಮೇಕೆ ನಾಯಿ ಥರ ಐತೆ. ಇದು ಹುಳಕ್ಕೆ. ಇನ್ನೊಂದು ಬರೀತೀನಿ.”

ಜಗಲಿ ಮೇಲೆ ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲೇ ಕೂತು ಮತ್ತೆ ಶುರು ಮಾಡಿದಳು. ಬೆರಳಿಗೆಲ್ಲ ಕಪ್ಪು ಇಂಕು ಹತ್ತಿತ್ತು. ಊಟಕ್ಕೆ ಕರೆದಾಗ, ತೊಳೆದುಕೊಂಡು ಬಾ ಎನ್ನಲು ನನಗೆ ಮನಸ್ಸಾಗಲಿಲ್ಲ. ನಾನೇ ತುತ್ತು ಮಾಡಿ ತಿನ್ನಿಸಿದೆ.